ವೀವರ್, ಐಸಾಸಲೀಸ್, ಪಾಯಿಂಟ್ ಶೂಟಿಂಗ್: ಯಾವುದನ್ನು ಕಲಿಯಬೇಕು, ಹೇಗೆ ಅಭ್ಯಾಸ ಮಾಡಬೇಕು?

ನಿಧಾನಿ:

ಎಲ್ಲರಿಗೂ ನಮಸ್ಕಾರ. ಆತ್ಮರಕ್ಷಣೆಗಾಗಿ ಪಿಸ್ತೂಲು ಹಿಡಿಯುವುದನ್ನು ಕಲಿಯಲು ಶುರು ಮಾಡಿ ಎರಡು ವರ್ಷವಾಯಿತು. ಈಗ ತಲೆ ಪೂರ್ತಿ ಗೊಂದಲ.

ಮೊದಲ ಕೋಚ್ ಕಲಿಸಿದ್ದು ವೀವರ್ ಭಂಗಿ. ಎಡಗಾಲು ಮುಂದೆ, ಮೈ ಸ್ವಲ್ಪ ಓರೆ, ಎಡ ಮೊಣಕೈ ಕೆಳಕ್ಕೆ ಬಾಗಿರಬೇಕು. ಬಲಗೈ ಪಿಸ್ತೂಲನ್ನು ಮುಂದಕ್ಕೆ ತಳ್ಳಬೇಕು, ಎಡಗೈ ಹಿಂದಕ್ಕೆ ಎಳೆಯಬೇಕು. ಒಂದು ವರ್ಷ ಅದನ್ನೇ ತಿದ್ದಿದೆ, ತೀಡಿದೆ. ಆಮೇಲೆ ಸೇರಿದ ಕಡೆ ಮೊದಲ ದಿನವೇ "ಅದನ್ನೆಲ್ಲ ಮರೆತುಬಿಡಿ" ಅಂದರು. ಗುರಿಗೆ ಎದೆ ಕೊಟ್ಟು ನಿಲ್ಲಿ, ಎರಡೂ ಕೈ ಸಮನಾಗಿ ಚಾಚಿ ಅಂದರು. ಇದು ಐಸಾಸಲೀಸ್. ಮೇಲಿನಿಂದ ನೋಡಿದರೆ ಎದೆ ಮತ್ತು ಎರಡು ಕೈ ಸೇರಿ ಸಮದ್ವಿಬಾಹು ತ್ರಿಕೋನ ಕಾಣುತ್ತದೆ, ಅದಕ್ಕೇ ಆ ಹೆಸರು. ಇದೆಲ್ಲ ಸಾಲದು ಅಂತ ಮೂರನೆಯವರೊಬ್ಬರು ಸಿಕ್ಕಿದರು. "ಜೀವಕ್ಕೆ ಕುತ್ತು ಬಂದಾಗ ಯಾರೂ ಸೈಟ್ ನೋಡುವುದಿಲ್ಲ, ಕಣ್ಣು ಎದುರಾಳಿಯ ಮೇಲಿರಲಿ, ಕೈ ತಾನೇ ಹೋಗುತ್ತದೆ" ಅಂತ ಅವರ ವಾದ. ಸೈಟ್ ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ, ಮುಂದೆ ಇರುವ ಗುರುತುಗಳು. ಅವನ್ನು ನೋಡದೆ ಹಾರಿಸುವುದೇ ಪಾಯಿಂಟ್ ಶೂಟಿಂಗ್.

ನನ್ನ ಗುರಿಹಾಳೆಯಲ್ಲಂತೂ ಏನೂ ಬದಲಾಗಿಲ್ಲ. 7 ಮೀಟರ್ ದೂರದಿಂದ ಹಾರಿಸಿದರೆ ಹತ್ತರಲ್ಲಿ ಆರು ಗುಂಡು ಕೆಳಗೆ, ಎಡಕ್ಕೆ ಬೀಳುತ್ತವೆ. ವೀವರ್‌ನಲ್ಲೂ ಹಾಗೇ, ಐಸಾಸಲೀಸ್‌ನಲ್ಲೂ ಹಾಗೇ. ನಾನು ಬಲಗೈಯವನು.

ಯಾವುದಾದರೂ ಒಂದನ್ನು ಹಿಡಿದು ಹೋಗಬೇಕು ಅಂತಿದ್ದೇನೆ. ತಿಂಗಳಿಗೆ ನೂರು ಗುಂಡಿಗಿಂತ ಜಾಸ್ತಿ ಹಾರಿಸಲು ಆಗುವುದಿಲ್ಲ. ಏನು ಮಾಡಲಿ?

ಮುಂಗೈ:

ನಿಧಾನಿ ಅವರೇ, ನಿಮ್ಮ ಮೂವರು ಗುರುಗಳೂ ಸುಳ್ಳು ಹೇಳಿಲ್ಲ. ಒಂದೊಂದು ಪದ್ಧತಿ ಒಂದೊಂದು ಕಷ್ಟದಿಂದ ಹುಟ್ಟಿದ್ದು. ಆ ಕಷ್ಟ ಯಾವುದು ಅಂತ ತಿಳಿದರೆ ಜಗಳ ಅರ್ಧ ಮುಗಿಯುತ್ತದೆ.

ಮೂರನೆಯವರಿಂದಲೇ ಶುರು ಮಾಡುತ್ತೇನೆ. ಅವರ ಮಾತಿನ ಬೇರು ಶಾಂಘೈನಲ್ಲಿದೆ. ಅಲ್ಲಿನ ಮುನಿಸಿಪಲ್ ಪೊಲೀಸ್‌ನಲ್ಲಿದ್ದ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್, ತಮ್ಮ ಪೊಲೀಸರು ನಿಜವಾಗಿ ಎಂಥ ಜಾಗದಲ್ಲಿ ಗುಂಡು ಹಾರಿಸುತ್ತಿದ್ದಾರೆ ಅಂತ ನೋಡಿದರು. ಕತ್ತಲ ಓಣಿ, ಮೆಟ್ಟಿಲು, ಬಾಗಿಲ ಸಂದಿ. ನಾಲ್ಕೈದು ಹೆಜ್ಜೆ ದೂರ. ಸೈಟ್ ನೋಡಲು ಬೆಳಕೂ ಇಲ್ಲ, ಹೊತ್ತೂ ಇಲ್ಲ. ಅದಕ್ಕೆ ಒಂದೇ ಕೈಯಲ್ಲಿ, ಎದುರಾಳಿಯ ಮೇಲೆ ಕಣ್ಣಿಟ್ಟು, ಬೇಗ ಹಾರಿಸುವುದನ್ನು ಕಲಿಸಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಇದು ರೆಕ್ಸ್ ಆಪಲ್‌ಗೇಟ್ ಎಂಬ ಸೇನಾಧಿಕಾರಿಯ ಮೂಲಕ ಅಮೆರಿಕದ ಸೈನ್ಯದವರಿಗೂ ಹೋಯಿತು. ಇನ್ನೊಂದು ಮಾತು ಸೇರಿಸಬೇಕು. ದೂರ ಜಾಸ್ತಿ ಇದ್ದರೆ ಎರಡು ಕೈ ಬೇಕು, ಸೈಟ್ ಬೇಕು ಅಂತ ಫೇರ್‌ಬೇರ್ನ್, ಸೈಕ್ಸ್ ಅವರೇ ಹೇಳಿದ್ದಾರೆ. ಅವರ ಹೆಸರು ಹೇಳುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಇನ್ನು ವೀವರ್. 1950ರ ದಶಕದಲ್ಲಿ ಜೆಫ್ ಕೂಪರ್ ಎಂಬ ಪಿಸ್ತೂಲು ತರಬೇತುದಾರ ಕ್ಯಾಲಿಫೋರ್ನಿಯಾದ ಬಿಗ್ ಬೇರ್‌ನಲ್ಲಿ ಪಿಸ್ತೂಲು ಪಂದ್ಯಗಳನ್ನು ನಡೆಸುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಸೊಂಟದ ಹತ್ತಿರದಿಂದಲೇ, ಒಂದು ಕೈಯಲ್ಲಿ, ಆದಷ್ಟು ಬೇಗ ಹಾರಿಸುತ್ತಿದ್ದರು. ಬೇಗ ಹಾರುತ್ತಿತ್ತು, ತಾಗುತ್ತಿರಲಿಲ್ಲ. ಲಾಸ್ ಏಂಜಲೀಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಜ್ಯಾಕ್ ವೀವರ್ ಮಾತ್ರ ರಿವಾಲ್ವರನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಸೈಟ್ ನೋಡಿ ಹಾರಿಸಿದರು. 1959ರಲ್ಲಿ ಗೆದ್ದರು. ಕೂಪರ್ ಇದನ್ನೇ ತಮ್ಮ ಪದ್ಧತಿಯ ಅಡಿಪಾಯ ಮಾಡಿಕೊಂಡರು. 1976ರಲ್ಲಿ ಅರಿಜೋನಾದಲ್ಲಿ ಶಾಲೆಯನ್ನೂ ತೆರೆದರು. ಅಂದರೆ ವೀವರ್ ಗೆದ್ದದ್ದು ಮೊಣಕೈ ಬಗ್ಗಿಸಿದ್ದರಿಂದ ಅಲ್ಲ. ಪಿಸ್ತೂಲನ್ನು ಕಣ್ಣಿನ ಮುಂದೆ ತಂದಿದ್ದರಿಂದ.

ಐಸಾಸಲೀಸ್ ಹಳೆಯದೇ. 1980ರ ದಶಕದಲ್ಲಿ ರಾಬ್ ಲೀತಮ್, ಬ್ರಯನ್ ಈನೋಸ್ ಇಬ್ಬರೂ ಪ್ರಾಕ್ಟಿಕಲ್ ಶೂಟಿಂಗ್ ಪಂದ್ಯಗಳಲ್ಲಿ ಅದಕ್ಕೆ ಹೊಸ ರೂಪ ಕೊಟ್ಟರು. ಮಂಡಿ ಸ್ವಲ್ಪ ಸಡಿಲ, ಮೈಭಾರ ಮುಂದಕ್ಕೆ, ತಳ್ಳುವುದು ಎಳೆಯುವುದು ಏನೂ ಇಲ್ಲ. ಎರಡೂ ಕಡೆ ಬಲ ಸಮ ಇರುವುದರಿಂದ ಗುಂಡು ಹಾರಿದಾಗಿನ ಒದೆತ ನೇರ ಹಿಂದಕ್ಕೆ ಬರುತ್ತದೆ, ಸೈಟ್ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಸರಸರ ನಾಲ್ಕು ಗುಂಡು ಹಾರಿಸುವಾಗ ಇದರ ಲಾಭ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಹೊಸಬರಿಗೆ ಐಸಾಸಲೀಸ್. ಹೆದರಿದ ಮನುಷ್ಯ ತಾನಾಗಿಯೇ ಅಪಾಯದ ಕಡೆ ಎದೆ ತಿರುಗಿಸುತ್ತಾನೆ, ಕೈ ಚಾಚುತ್ತಾನೆ. ಮೈ ಹೇಗೂ ಅದನ್ನೇ ಮಾಡುವಾಗ ಅದಕ್ಕೆ ವಿರುದ್ಧವಾಗಿ ಯಾಕೆ ಕಲಿಸಬೇಕು? ಆದರೆ ವೀವರ್ ಕೈಗೆ ಕೂತಿದ್ದರೆ, ಗುಂಡು ತಾಗುತ್ತಿದ್ದರೆ, ಬಿಡಬೇಕಾಗಿಲ್ಲ.

ಕಪ್ಪುಚುಕ್ಕಿ:

ಹನ್ನೊಂದು ವರ್ಷದಿಂದ ಹೆಂಗಸರಿಗೆ, ಹೊಸಬರಿಗೆ ಕಲಿಸುತ್ತಿದ್ದೇನೆ. ಮುಂಗೈ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನಿಧಾನಿ ಅವರ ಹಾಳೆಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಉತ್ತರ ಅಲ್ಲೇ ಇದೆ.

ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋಗುತ್ತಿದೆ, ಭಂಗಿ ಬದಲಾದರೂ ಅಲ್ಲೇ ಹೋಗುತ್ತಿದೆ ಅಂದರೆ ತಪ್ಪು ಕಾಲಿನಲ್ಲಿಲ್ಲ, ಬೆರಳಿನಲ್ಲಿದೆ. ಗುಂಡು ಸಿಡಿಯುವ ಮೊದಲೇ ಮೈ ಬೆಚ್ಚುತ್ತಿದೆ. ಒದೆತ ಬರುತ್ತೆ ಅಂತ ಮನಸ್ಸಿಗೆ ಮೊದಲೇ ಗೊತ್ತು. ಅದಕ್ಕೆ ಮಣಿಕಟ್ಟು ಮುಂದಕ್ಕೆ ಕುಸಿಯುತ್ತದೆ, ಟ್ರಿಗರ್ ಎಳೆಯುವ ಬೆರಳಿನ ಜೊತೆ ಉಳಿದ ಬೆರಳುಗಳೂ ಬಿಗಿಯುತ್ತವೆ, ನಳಿಕೆ ಕೆಳಕ್ಕೆ ವಾಲುತ್ತದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಶೂಟಿಂಗ್ ರೇಂಜ್‌ನಲ್ಲಿ ಜೊತೆಗಿರುವವರ ಕೈಗೆ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಕೊಡಿ. ಅವರು ನಿಮಗೆ ತೋರಿಸದೆ ನಾಲ್ಕು ನಿಜವಾದ ಗುಂಡಿನ ನಡುವೆ ಎರಡು ಡಮ್ಮಿ, ಅಂದರೆ ಸಿಡಿಯದ ಗುಂಡು ಸೇರಿಸಲಿ. ಡಮ್ಮಿ ಬಂದಾಗ ಬರೀ "ಟಕ್" ಅನ್ನುತ್ತದೆ. ಆ ಕ್ಷಣ ಮುಂದಿನ ಸೈಟ್ ಎಲ್ಲಿ ಹೋಯಿತು ಅಂತ ನೋಡಿ. ನನ್ನ ಶಿಷ್ಯರಲ್ಲಿ ಹೆಚ್ಚಿನವರು ಅದನ್ನು ಮೊದಲ ಸಲ ನೋಡಿದಾಗ ಪಿಸ್ತೂಲು ಇಳಿಸಿ ಸುಮ್ಮನೆ ನಿಂತುಬಿಡುತ್ತಾರೆ. ನಳಿಕೆ ಗುದ್ದಲಿ ಹೊಡೆದ ಹಾಗೆ ಕೆಳಗೆ ಹೋಗಿರುತ್ತದೆ. ಅಷ್ಟು ದಿನ ಸದ್ದು, ಒದೆತ ಎರಡೂ ಸೇರಿ ಅದನ್ನು ಮುಚ್ಚಿಟ್ಟಿದ್ದವು.

ಸೈಟ್‌ನ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ಬೇಕಾದರೆ ನೀವೇ ಕೂಡಿ ನೋಡಿ. ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವೆ 16 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಸೈಟ್ 1 ಮಿಲಿಮೀಟರ್ ತಪ್ಪಿ ಕೂತರೆ 3 ಮೀಟರ್‌ನಲ್ಲಿ ಗುಂಡು 2 ಸೆಂಟಿಮೀಟರ್‌ಗಿಂತ ಕಡಿಮೆ ಆಚೀಚೆ ಆಗುತ್ತದೆ. 7 ಮೀಟರ್‌ನಲ್ಲಿ ಸುಮಾರು 4.4 ಸೆಂಟಿಮೀಟರ್. 25 ಮೀಟರ್‌ನಲ್ಲಿ 15 ಸೆಂಟಿಮೀಟರ್ ದಾಟುತ್ತದೆ. ಅಂದರೆ ಹತ್ತಿರದಲ್ಲಿ ಸೈಟ್ ಒಂಚೂರು ಅಲುಗಾಡಿದರೂ ಏನೂ ಆಗುವುದಿಲ್ಲ. ಆದರೆ ಬೆರಳು ಪಿಸ್ತೂಲನ್ನು ಬರೀ 2 ಡಿಗ್ರಿ ವಾಲಿಸಿದರೆ 7 ಮೀಟರ್‌ನಲ್ಲಿ 24 ಸೆಂಟಿಮೀಟರ್ ತಪ್ಪುತ್ತದೆ. ನಿಮ್ಮ ಆರು ಗುಂಡುಗಳ ಕಥೆ ಇದೇ.

ಹಾಗಾಗಿ ಸದ್ಯ ಭಂಗಿಯ ಚಿಂತೆ ಬಿಡಿ. ಕಾಲು ಎಲ್ಲಿಟ್ಟರೂ ಟ್ರಿಗರ್ ಒಂದೇ.

ಮೂರುಮಾರು:

ಕಪ್ಪುಚುಕ್ಕಿ ಮೇಡಂ, ನಿಮ್ಮ ಲೆಕ್ಕ ನನ್ನ ಪಾಯಿಂಟ್ ಶೂಟಿಂಗ್ ಪಕ್ಷಕ್ಕೇ ಬಂತಲ್ಲ! 3 ಮೀಟರ್‌ನಲ್ಲಿ ಸೈಟ್ 1 ಮಿಲಿಮೀಟರ್ ತಪ್ಪಿದರೂ ಗುಂಡು 2 ಸೆಂಟಿಮೀಟರ್ ಒಳಗೇ ಬೀಳುತ್ತದೆ ಅಂದಮೇಲೆ ಸೈಟ್ ಯಾಕೆ ನೋಡಬೇಕು? ಆತ್ಮರಕ್ಷಣೆ ಅಂದರೆ ಹತ್ತಿರದ ವಿಷಯ. ಎದುರಿಗಿರುವವನ ಕೈಯಲ್ಲಿ ಏನಿದೆ ಅಂತ ನೋಡುತ್ತಿರಬೇಕೇ ಹೊರತು ನನ್ನ ಪಿಸ್ತೂಲಿನ ತುದಿಯನ್ನಲ್ಲ. ಕಣ್ಣು ಒಂದು ಸಲಕ್ಕೆ ಒಂದು ದೂರಕ್ಕೆ ಮಾತ್ರ ಹೊಂದಿಕೊಳ್ಳುತ್ತದೆ. ಸೈಟ್ ಸ್ಪಷ್ಟ ಕಂಡರೆ ಅವನು ಮಸುಕು, ಅವನು ಸ್ಪಷ್ಟ ಕಂಡರೆ ಸೈಟ್ ಮಸುಕು. ಹೆದರಿದಾಗ ಕಣ್ಣು ಅಪಾಯದ ಮೇಲಿಂದ ಅಲ್ಲಾಡುವುದೇ ಇಲ್ಲ.

ನಾನು ಎದೆಯ ಹತ್ತಿರದಿಂದ, ಮೊಣಕೈ ಪಕ್ಕೆಗೆ ಒತ್ತಿಟ್ಟು ಹಾರಿಸುವುದನ್ನೂ ಅಭ್ಯಾಸ ಮಾಡುತ್ತೇನೆ. ಕೈಗೆಟುಕುವ ದೂರದಲ್ಲಿ ಯಾರಾದರೂ ಇದ್ದರೆ ಪಿಸ್ತೂಲು ಮುಂದೆ ಚಾಚುವುದು ಅಂದರೆ ಅವನ ಕೈಗೆ ಕೊಟ್ಟ ಹಾಗೆ.

ಕಪ್ಪುಚುಕ್ಕಿ:

ಕೊನೆಯ ಮಾತು ಪೂರ್ತಿ ಸರಿ. ಕೈಗೆಟುಕುವ ದೂರದಲ್ಲಿ ಪಿಸ್ತೂಲು ಮೈಗೆ ಅಂಟಿಕೊಂಡಿರಬೇಕು. ಅದನ್ನು ನಾನೂ ಕಲಿಸುತ್ತೇನೆ.

ಆದರೆ ಉಳಿದದ್ದಕ್ಕೆ ಒಂದು ಪ್ರಶ್ನೆ. ಸೈಟ್ ನೋಡದೆ ಹಾರಿಸಿದಾಗ ಗುಂಡು ಯಾವ ದೂರದವರೆಗೆ ತಾಗುತ್ತದೆ ಅಂತ ನೀವು ಅಳೆದಿದ್ದೀರಾ? ಒಂದು ಎ4 ಹಾಳೆ ಅಂಟಿಸಿ. ಅದರ ಅಗಲ 21 ಸೆಂಟಿಮೀಟರ್. 3 ಮೀಟರ್‌ನಲ್ಲಿ ಐದು, 5 ಮೀಟರ್‌ನಲ್ಲಿ ಐದು, 7, 10, 15. ಎಲ್ಲಿ ಮೊದಲ ಗುಂಡು ಹಾಳೆಯಾಚೆ ಹೋಯಿತೋ ಅಲ್ಲಿಗೆ ನಿಮ್ಮ ಪಾಯಿಂಟ್ ಶೂಟಿಂಗ್ ಮುಗಿಯಿತು. ಆಚೆ ಹೋದ ಆ ಗುಂಡು ಎಲ್ಲೋ ಒಂದು ಕಡೆ ಹೋಗಿ ನಿಲ್ಲಲೇಬೇಕಲ್ವಾ? ಅಲ್ಲಿ ಯಾರಿದ್ದರು? ನನಗೆ ನಿದ್ದೆ ಕೆಡಿಸುವ ಪ್ರಶ್ನೆ ಇದು. ಎದುರಾಳಿಗೆ ತಾಗಲಿಲ್ಲ ಅನ್ನುವುದಕ್ಕಿಂತ, ಅವನ ಹಿಂದೆ ನಡೆದುಹೋಗುತ್ತಿದ್ದ ಮಗುವಿಗೆ ತಾಗಿತು ಅನ್ನುವುದು ನೂರು ಪಾಲು ದೊಡ್ಡದು.

ಸೈಟ್ ನೋಡುವುದು, ನೋಡದಿರುವುದು ಅಂತ ಎರಡೇ ಇಲ್ಲ. ನಡುವೆ ಮೆಟ್ಟಿಲುಗಳಿವೆ. ತೀರಾ ಹತ್ತಿರದಲ್ಲಿ ಪಿಸ್ತೂಲಿನ ಹಿಂಭಾಗ ಎದುರಾಳಿಯ ಎದೆಯ ಮೇಲೆ ಮಸುಕಾಗಿ ಕಂಡರೆ ಸಾಕು. ಸ್ವಲ್ಪ ದೂರವಾದರೆ ಮುಂದಿನ ಸೈಟ್ ಕಣ್ಣಿಗೆ ಬಿದ್ದರೆ ಸಾಕು. ಇನ್ನೂ ದೂರ, ಅಥವಾ ಗುರಿ ಚಿಕ್ಕದು, ಅಥವಾ ಪಕ್ಕದಲ್ಲಿ ಬೇರೆಯವರಿದ್ದಾರೆ ಅಂದರೆ ಎರಡೂ ಸೈಟ್ ಸರಿಯಾಗಿ ಕೂರಬೇಕು. ಪಿಸ್ತೂಲನ್ನು ಕಣ್ಣಿನ ಮುಂದೆ ತರುವ ಅಭ್ಯಾಸ ಇದ್ದವರಿಗೆ ಈ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ಸೊಂಟದಿಂದಲೇ ಹಾರಿಸಿ ಕಲಿತವರಿಗೆ ಕೊನೆಯದು ಸಿಗುವುದೇ ಇಲ್ಲ.

ಮೂರುಮಾರು:

ನಿಜ ಹೇಳುತ್ತೇನೆ, ಅಳೆದಿಲ್ಲ. ಈ ವಾರ ಅಳೆದು ಬರೆಯುತ್ತೇನೆ.

ಗಡಿಯಾರ:

ರೆಡ್ ಡಾಟ್ ಸೈಟ್ ಬಗ್ಗೆ ಯಾರೂ ಹೇಳಲಿಲ್ಲ. ಈ ಜಗಳಕ್ಕೆ ಅದು ಒಂದು ಮಟ್ಟಿಗೆ ರಾಜಿ. ಗಾಜಿನಲ್ಲಿ ಕೆಂಪು ಚುಕ್ಕಿ ಕಾಣುತ್ತದೆ, ಕಣ್ಣು ಗುರಿಯ ಮೇಲೇ ಇರಬಹುದು. ಹತ್ತಿರದ್ದು ಮಸುಕಾಗುವ ವಯಸ್ಸಿನವರಿಗಂತೂ ವರ. ಆದರೆ ಶುರುವಿನಲ್ಲಿ ಪಿಸ್ತೂಲು ಎತ್ತಿದಾಗ ಚುಕ್ಕಿಯೇ ಸಿಗುವುದಿಲ್ಲ. ಜನ ಅದನ್ನು ಹುಡುಕುತ್ತಾ ನಳಿಕೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಎತ್ತುವ ದಾರಿ ಪ್ರತಿ ಸಲ ಒಂದೇ ಆಗುವವರೆಗೆ ಚುಕ್ಕಿ ಸಹಾಯ ಮಾಡುವುದಿಲ್ಲ. ಸಾವಿರ ಸಲ ಖಾಲಿ ಪಿಸ್ತೂಲು ಎತ್ತಿ ಇಳಿಸಿದ ಮೇಲೆಯೇ ನನಗೆ ಕೈ ಕೂತಿದ್ದು. ಬ್ಯಾಟರಿ ಹೋದರೆ ಏನು ಅಂತ ಮಾಮೂಲಿ ಸೈಟ್‌ನಲ್ಲೂ ಅಭ್ಯಾಸ ಇರಲಿ.

ನೂರು ಗುಂಡು ಕಡಿಮೆ ಅಂತ ಬೇಜಾರು ಬೇಡ ನಿಧಾನಿ. ಪಂದ್ಯಗಳಿಗೆ ಹೋಗುವ ನನ್ನ ಅಭ್ಯಾಸದಲ್ಲೂ ಬಹುಪಾಲು ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತುವುದು. ದಿನಾ ಹತ್ತು ನಿಮಿಷ ಸಾಕು. ಮುಂದಿನ ಸೈಟ್‌ನ ಹಿಂದೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಮೇಲೆ ಒಂದು ಖಾಲಿ ತೋಟೆ ನಿಲ್ಲಿಸಿ. ಅದು ಬೀಳದ ಹಾಗೆ ಟ್ರಿಗರ್ ಒತ್ತಬೇಕು. ಮೊದಲ ದಿನ ಹತ್ತಕ್ಕೆ ಎಂಟು ಸಲ ಬೀಳುತ್ತದೆ. "ಟಿಣ್" ಅಂತ ನೆಲಕ್ಕೆ ಬಿದ್ದ ಸದ್ದೇ ನಿಮ್ಮ ಮೇಷ್ಟ್ರು.

ಮೌನಿ:

ಡ್ರೈ ಫೈರ್ ಅಂತ ಬಂದಿದ್ದರಿಂದ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಓದಿ ಸುಮ್ಮನಿರುವವನು ನಾನು.

ಆರು ವರ್ಷದ ಹಿಂದೆ, ಒಂದು ರಾತ್ರಿ. ಪಿಸ್ತೂಲು ಖಾಲಿ ಮಾಡಿ, ಎರಡು ಸಲ ನೋಡಿ, ಇಪ್ಪತ್ತು ನಿಮಿಷ ಅಭ್ಯಾಸ ಮಾಡಿದೆ. ಮುಗಿಯಿತು. ಮ್ಯಾಗಜೀನ್ ಹಾಕಿದೆ, ಸ್ಲೈಡ್ ಎಳೆದು ಬಿಟ್ಟು ಗುಂಡನ್ನು ನಳಿಕೆಗೆ ಏರಿಸಿದೆ, ಒಳಗೆ ಇಡಬೇಕು ಅಂತ ಎದ್ದೆ. ಅಷ್ಟರಲ್ಲಿ ಫೋನ್ ಬಂತು. ಎರಡು ನಿಮಿಷ ಮಾತಾಡಿದೆ. ಫೋನ್ ಇಟ್ಟ ಮೇಲೆ ಕೈಯಲ್ಲಿ ಪಿಸ್ತೂಲಿತ್ತು, ಗೋಡೆಯ ಮೇಲೆ ನಾನು ಅಂಟಿಸಿದ ಗುರಿಯ ಚುಕ್ಕಿ ಇನ್ನೂ ಇತ್ತು. "ಇನ್ನೊಂದೇ ಒಂದು ಸಲ" ಅನ್ನಿಸಿತು. ಎತ್ತಿದೆ. ಟ್ರಿಗರನ್ನು ತುಂಬಾ ಚೆನ್ನಾಗಿ ಒತ್ತಿದೆ. ಸೈಟ್ ಕದಲಲೇ ಇಲ್ಲ.

ಗುಂಡು ಚುಕ್ಕಿಯ ನಡುಮಧ್ಯ ತಾಗಿತ್ತು. ಗೋಡೆ ದಾಟಿ ಪಕ್ಕದ ಕೋಣೆಯ ಕಪಾಟಿನಲ್ಲಿ ನಿಂತಿತ್ತು. ಆ ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ಅರ್ಧ ಗಂಟೆ ಮೊದಲು ಇದ್ದರು. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ನಾನು ನೆಲದ ಮೇಲೆ ಕೂತುಬಿಟ್ಟೆ. ಆ ತೂತನ್ನು ಬಹಳ ದಿನ ಮುಚ್ಚಿಸಲಿಲ್ಲ, ಬೇಕು ಅಂತಲೇ.

ಅವತ್ತಿನಿಂದ ನನ್ನ ಕ್ರಮ ಹೀಗೆ. ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದು ಗುಂಡೂ ಇರಕೂಡದು. ಮ್ಯಾಗಜೀನ್, ಡಬ್ಬಿ ಎಲ್ಲ ಇನ್ನೊಂದು ಕೋಣೆಯಲ್ಲಿ, ಬಾಗಿಲು ಹಾಕಿ. ಖಾಲಿ ಇದೆಯಾ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಗುರಿಯ ಹಿಂದೆ ನಿಜವಾಗಿಯೂ ಗುಂಡು ತಡೆಯುವಂಥದ್ದೇ ಇರಬೇಕು. ಫೋನ್ ಆಫ್. ಮುಗಿದ ತಕ್ಷಣ ಗುರಿಯನ್ನು ಕಿತ್ತು ತೆಗೆದು, "ಮುಗಿಯಿತು, ಇವತ್ತಿಗೆ ಮುಗಿಯಿತು" ಅಂತ ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ಅವತ್ತು ಮತ್ತೆ ಅಭ್ಯಾಸ ಇಲ್ಲ.

ಕೂಪರ್ ಹೇಳಿದ ನಾಲ್ಕು ನಿಯಮ ಎಲ್ಲರಿಗೂ ಬಾಯಿಪಾಠ. ಎಲ್ಲ ಬಂದೂಕೂ ಯಾವಾಗಲೂ ಲೋಡ್ ಆಗಿದೆ ಅಂತಲೇ ತಿಳಿಯಬೇಕು. ನಾಶವಾಗಬಾರದ ಯಾವುದರ ಕಡೆಗೂ ನಳಿಕೆ ತಿರುಗಬಾರದು. ಸೈಟ್ ಗುರಿಯ ಮೇಲೆ ಬರುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಗೊತ್ತಿರಬೇಕು. ನನಗೂ ಬಾಯಿಪಾಠ ಇತ್ತು.

ನಿಧಾನಿ:

ಮೌನಿ ಅವರೇ, ಇದನ್ನು ಬರೆದಿದ್ದಕ್ಕೆ ತುಂಬಾ ಧನ್ಯವಾದ. ನಾನು ಮ್ಯಾಗಜೀನನ್ನು ಅದೇ ಮೇಜಿನ ಮೇಲೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ. ಓದಿದ ತಕ್ಷಣ ಎದ್ದು ಹೋಗಿ ಆಚೆ ಇಟ್ಟು ಬಂದೆ.

ಮುಂಗೈ:

ಈಗ ಅಭ್ಯಾಸದ ಕ್ರಮಕ್ಕೆ ಬರೋಣ. ಭಂಗಿಗಿಂತ ಇದರ ಬಗ್ಗೆ ಹೆಚ್ಚು ಮಾತಾಡಬೇಕಿತ್ತು.

ಬಹಳ ಜನ ಏನು ಮಾಡುತ್ತಾರೆ ಅಂದರೆ, ಒಂದೇ ದೂರ, ಒಂದೇ ಹಾಳೆ, ಐವತ್ತು ಗುಂಡು. ಕೊನೆಕೊನೆಗೆ ಹಾಳೆಯ ಮೇಲೆ ತೂತುಗಳ ಗುಂಪು ಚಿಕ್ಕದಾಗುತ್ತದೆ. ಖುಷಿಯಾಗಿ ಮನೆಗೆ ಹೋಗುತ್ತಾರೆ. ಮುಂದಿನ ತಿಂಗಳು ಬಂದರೆ ಮತ್ತೆ ಮೊದಲಿನ ಹಾಗೇ. ಇದಕ್ಕೆ ಕಾರಣ ಇದೆ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಬಂದೂಕಿಗೂ ಅದಕ್ಕೂ ಸಂಬಂಧ ಇಲ್ಲ. ಮರದ ಚಿಕ್ಕ ಚಿಕ್ಕ ತಡೆಗಳನ್ನು ಹೇಳಿದ ಕ್ರಮದಲ್ಲಿ ಬೇಗ ಬೀಳಿಸಬೇಕು, ಅಷ್ಟೇ. ಮೂರು ಬೇರೆ ಬೇರೆ ಕ್ರಮ. ಒಂದು ಗುಂಪಿನವರು ಒಂದು ಕ್ರಮವನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದರು. ಇನ್ನೊಂದು ಗುಂಪಿನವರಿಗೆ ಮೂರನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲನೆಯವರೇ ಮುಂದು. ಹತ್ತು ದಿನ ಬಿಟ್ಟು ನೋಡಿದಾಗ ಕಲಸಿ ಕಲಿತವರೇ ಮುಂದು. ಅಭ್ಯಾಸ ಸುಲಭ ಅನ್ನಿಸಿದ ಮಾತ್ರಕ್ಕೆ ಕಲಿತೆವು ಅಂತ ಅಲ್ಲ.

ಹಾಗಾಗಿ ನಿಮ್ಮ ನೂರು ಗುಂಡನ್ನು ಒಂದೇ ದಿನ ಸುರಿಯಬೇಡಿ. ನಾಲ್ಕು ವಾರಕ್ಕೆ ಇಪ್ಪತ್ತೈದರಂತೆ ಹಂಚಿ. ಪ್ರತಿ ಸಲ ಮೊದಲ ಐದು ಗುಂಡು ಯಾವ ತಯಾರಿಯೂ ಇಲ್ಲದೆ ಹಾರಿಸಿ. ಹೋಲ್‌ಸ್ಟರ್‌ನಿಂದ (ಪಿಸ್ತೂಲಿನ ಚೀಲದಿಂದ) ತೆಗೆದು, ಒಂದೊಂದೇ. ಬರೆದಿಡಿ. ನಿಜವಾದ ಹೊತ್ತಿನಲ್ಲಿ ಯಾರೂ ನಿಮಗೆ ಕೈ ಬೆಚ್ಚಗೆ ಮಾಡಿಕೊಳ್ಳಲು ಬಿಡುವುದಿಲ್ಲ. ಆ ಐದೇ ನಿಮ್ಮ ಅಸಲಿ ಮಟ್ಟ. ಉಳಿದ ಇಪ್ಪತ್ತನ್ನು ಕಲಸಿ: ದೂರ ಬದಲಿಸಿ, ಗುರಿಯ ಅಳತೆ ಬದಲಿಸಿ, ಎರಡು ಕೈ, ಬರೀ ಬಲಗೈ, ಬರೀ ಎಡಗೈ.

ಎಡಗೈ ಅಂದಾಗ ಜನ ಮುಖ ತಿರುಗಿಸುತ್ತಾರೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಎಫ್‌ಬಿಐ ಗುಂಡಿನ ಕಾಳಗ ನೆನಪಿರಲಿ. ಇಬ್ಬರು ದರೋಡೆಕೋರರನ್ನು ಎಂಟು ಏಜೆಂಟರು ಎದುರಿಸಿದರು. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯವಾಯಿತು. ಏಜೆಂಟ್ ಎಡ್ಮುಂಡೋ ಮಿರೆಲೆಸ್ ಅವರ ಒಂದು ತೋಳು ಛಿದ್ರವಾಗಿತ್ತು. ಎರಡು ಕೈ ಬೇಕಾಗುವ ಪಂಪ್ ಶಾಟ್‌ಗನ್ನನ್ನು ಅವರು ಒಂದೇ ಕೈಯಲ್ಲಿ ಲೋಡ್ ಮಾಡುತ್ತಾ ಹಾರಿಸಿದರು, ಕೊನೆಗೆ ರಿವಾಲ್ವರಿನಿಂದ ಕಾಳಗ ಮುಗಿಸಿದರು. ಅಲ್ಲಿ ವೀವರ್ ಯಾವುದು, ಐಸಾಸಲೀಸ್ ಯಾವುದು?

ಗಡಿಯಾರ:

ಇದಕ್ಕೆ ಟೈಮರ್ ಸೇರಿಸಿ. ಟೈಮರ್ ಇಲ್ಲದೆ "ನಾನು ಫಾಸ್ಟ್" ಅನ್ನುವುದು ಬರೀ ಬಾಯಿಮಾತು. ಎಲ್ ಪ್ರೆಸಿಡೆಂಟೆ ಅಂತ ಕೂಪರ್ ಕಾಲದ ಹಳೇ ಡ್ರಿಲ್ ಇದೆ. ಮೂರು ಗುರಿ, 10 ಗಜ ದೂರ, ಬೆನ್ನು ಹಾಕಿ ನಿಂತು ತಿರುಗಿ ಒಂದೊಂದಕ್ಕೆ ಎರಡು, ಮ್ಯಾಗಜೀನ್ ಬದಲಿಸಿ ಮತ್ತೆ ಎರಡೆರಡು. ಹತ್ತು ಸೆಕೆಂಡಿನೊಳಗೆ ಮುಗಿಸಬೇಕು. ಹೊಸಬರು ತಕ್ಷಣ ಮಾಡಬೇಡಿ. ಬೀಪ್ ಕೇಳಿದ ಕೂಡಲೇ ಬೆರಳು ಬೇಗ ಟ್ರಿಗರ್‌ಗೆ ಹೋಗುತ್ತದೆ. ಬಲ್ಲವರು ಪಕ್ಕದಲ್ಲಿದ್ದಾಗ ಮಾತ್ರ.

ಪಂದ್ಯ ಆಡಿದರೆ ಬೀದಿಯಲ್ಲಿ ಸಾಯುತ್ತೀರಿ ಅಂತ ಕೆಲವರು ಹೇಳುತ್ತಾರೆ. ಒಪ್ಪುವುದಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆ, ಗಡಿಯಾರ ಓಡುತ್ತಿದೆ ಅಂದಾಗ ಕೈ ನಡುಗುತ್ತದಲ್ಲ, ಆ ನಡುಕದಲ್ಲೂ ಕೆಲಸ ಮಾಡಲು ಕಲಿಸಿದ್ದು ಪಂದ್ಯವೇ. ಆದರೆ ಪಂದ್ಯ ಕಲಿಸದ ಒಂದು ವಿಷಯ ಇದೆ. ಅಲ್ಲಿ ಹಾರಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು ಬೇರೆಯವರು ಮೊದಲೇ ಬಗೆಹರಿಸಿ ಇಟ್ಟಿರುತ್ತಾರೆ.

ಕಪ್ಪುಚುಕ್ಕಿ:

ಗಡಿಯಾರ ಅವರೇ, ನಾನು ಹೇಳಬೇಕು ಅಂತಿದ್ದ ಮಾತು ಇದೇ.

ಡೆನಿಸ್ ಟ್ಯೂಲರ್ ಅಂತ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ 1983ರಲ್ಲಿ ಒಂದು ವಿಷಯ ಬರೆದರು. ಚಾಕು ಹಿಡಿದ ಮನುಷ್ಯ 21 ಅಡಿ, ಅಂದರೆ ಸುಮಾರು 6.4 ಮೀಟರ್ ಓಡಿ ಬರಲು ಒಂದೂವರೆ ಸೆಕೆಂಡು ಸಾಕು. ಪಿಸ್ತೂಲು ತೆಗೆದು ಹಾರಿಸಲು ಒಳ್ಳೇ ಅಭ್ಯಾಸ ಇದ್ದವರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಜನ ಇದನ್ನು "21 ಅಡಿ ನಿಯಮ" ಅಂತ ತಿರುಚಿಬಿಟ್ಟರು, ಅಷ್ಟರೊಳಗೆ ಬಂದವರನ್ನೆಲ್ಲ ಹೊಡೆಯಬಹುದು ಅನ್ನುವ ಹಾಗೆ. ಅವರು ನಿಯಮ ಮಾಡಿರಲಿಲ್ಲ. ದೂರ ಇದೆ ಅಂತ ನಿಶ್ಚಿಂತೆಯಾಗಿ ನಿಲ್ಲಬೇಡಿ, ಮೊದಲೇ ಹಿಂದೆ ಸರಿಯಿರಿ, ಮರೆಗೆ ಹೋಗಿ ಅನ್ನುವುದು ಅದರ ಪಾಠ. ನನ್ನ ಶಿಷ್ಯರಿಗೆ ಇದನ್ನು ಮಾಡಿಸುವಾಗ ಒಂದೇ ಒಂದು ಬದಲಾವಣೆ ಮಾಡುತ್ತೇನೆ: ನಿಂತಲ್ಲೇ ತೆಗೆಯಬೇಡಿ, ಪಕ್ಕಕ್ಕೆ ಎರಡು ಹೆಜ್ಜೆ ಹಾಕುತ್ತಾ ತೆಗೆಯಿರಿ. ಓಡಿ ಬರುವವನಿಗೆ ತಿರುಗಲು ಹೊತ್ತು ಹಿಡಿಯುತ್ತದೆ. ಆ ಅರೆ ಕ್ಷಣ ನಿಮ್ಮದು.

ನನ್ನದೇ ಒಂದು ಅನುಭವ. ಬಣ್ಣದ ಗುರುತು ಬೀಳುವ ತರಬೇತಿ ಗುಂಡುಗಳಿಂದ ಎದುರುಬದುರು ಅಭ್ಯಾಸ. ಮುಖಕ್ಕೆ, ಕುತ್ತಿಗೆಗೆ ರಕ್ಷಣೆ ಹಾಕಿರುತ್ತೇವೆ. ಒಳಗೆ ಬರುವ ಮೊದಲು ಪ್ರತಿಯೊಬ್ಬರನ್ನೂ ಇಬ್ಬರು ತಡಕಿ ನೋಡುತ್ತಾರೆ, ಒಂದೇ ಒಂದು ನಿಜವಾದ ಗುಂಡು ಒಳಗೆ ಬರಬಾರದು. ನನಗೆ ಸಿಕ್ಕಿದ ಸನ್ನಿವೇಶ: ಕತ್ತಲ ಪಾರ್ಕಿಂಗ್, ಯಾರೋ ಜೋರಾಗಿ ಕೂಗುತ್ತಾ ನನ್ನ ಕಡೆ ಬರುತ್ತಿದ್ದಾರೆ, ಬಲಗೈ ಜೇಬಿನಿಂದ ಥಟ್ಟನೆ ಹೊರಗೆ ಬಂತು. ನಾನು ಹಾರಿಸಿದೆ. ಎರಡು ಗುಂಡು, ಎದೆಯ ಮೇಲೆ ನಾಲ್ಕು ಬೆರಳಗಲದಲ್ಲಿ ಎರಡು ನೀಲಿ ಗುರುತು. ಭಂಗಿ ಸರಿ, ಟ್ರಿಗರ್ ಸರಿ, ವೇಗ ಸರಿ. ಅವರ ಕೈಯಲ್ಲಿದ್ದದ್ದು ಫೋನ್. ಅಪಘಾತವಾಗಿದೆ, ಆಂಬುಲೆನ್ಸ್ ಕರೆಯಿರಿ ಅಂತ ಅವರು ಕೂಗುತ್ತಿದ್ದರಂತೆ. ನನಗೆ ಆ ಮಾತು ಕೇಳಿಸಿರಲೇ ಇಲ್ಲ.

ಅವತ್ತು ರಾತ್ರಿ ಊಟ ಸೇರಲಿಲ್ಲ. ಅಲ್ಲಿಯವರೆಗೆ ನಾನು ಕಲಿಸಿದ್ದೆಲ್ಲ ಹೇಗೆ ಹಾರಿಸಬೇಕು ಅಂತ ಮಾತ್ರ. ಈಗ ನನ್ನ ಪ್ರತಿ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸನ್ನಿವೇಶಗಳು ಗುಂಡು ಹಾರಿಸದೆ ಮುಗಿಯುವಂಥವು. ಕೂಗಿ ಹೇಳುವುದು, ಹಿಂದೆ ಸರಿಯುವುದು, ಟಾರ್ಚ್ ಹಾಕಿ ಕೈ ನೋಡುವುದು, ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡುವುದು. ಪಿಸ್ತೂಲು ತೆಗೆದ ಮೇಲೂ ಟ್ರಿಗರ್ ಮುಟ್ಟದೆ ಇಳಿಸುವುದನ್ನು ಕೈಗೆ ಕಲಿಸಬೇಕು. ಎತ್ತಿದ ಪ್ರತಿ ಸಲವೂ ಒತ್ತಿ ಒತ್ತಿ ಅಭ್ಯಾಸ ಮಾಡಿದರೆ ಬೆರಳು ಅದನ್ನೇ ಕಲಿಯುತ್ತದೆ. ಡ್ರೈ ಫೈರ್‌ನಲ್ಲೂ ಹತ್ತು ಸಲ ಎತ್ತಿದರೆ ಐದು ಸಲ ಒತ್ತಬೇಡಿ.

ಮೌನಿ:

ಇದರ ಜೊತೆಗೆ ರಕ್ತ ನಿಲ್ಲಿಸುವುದನ್ನು ಕಲಿಯಿರಿ. ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಕಟ್ಟುವುದು, ಗಾಯ ಒತ್ತಿ ಹಿಡಿಯುವುದು. ಒಂದು ದಿನದ ತರಬೇತಿ. ರೇಂಜ್ ಬ್ಯಾಗ್‌ನಲ್ಲಿ ಗುಂಡಿಗಿಂತ ಮೊದಲು ಅದು ಇರಬೇಕು.

ಮೂರುಮಾರು:

ಕಪ್ಪುಚುಕ್ಕಿ ಮೇಡಂ, ಅಳೆದೆ. ಸೈಟ್ ನೋಡದೆ 3 ಮೀಟರ್‌ನಲ್ಲಿ ಐದಕ್ಕೆ ಐದು. 5 ಮೀಟರ್‌ನಲ್ಲೂ ಐದು. 7ರಲ್ಲಿ ಮೂರು. 10ರಲ್ಲಿ ಒಂದು. ಆರೇಳು ವರ್ಷದಿಂದ ಹತ್ತು ಮೀಟರ್‌ವರೆಗೆ ಸಲೀಸು ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅವರಲ್ಲಿ ಇಬ್ಬರಿಗೆ ಫೋನ್ ಮಾಡಿ ತಿದ್ದಿ ಹೇಳಿದೆ. 5 ಮೀಟರ್ ಒಳಗೆ ನನ್ನ ಪದ್ಧತಿ ಬಿಡುವುದಿಲ್ಲ. ಅದರಾಚೆಗೆ ಪಿಸ್ತೂಲು ಕಣ್ಣಿನ ಮುಂದೆ ಬರುತ್ತದೆ.

ನಿಧಾನಿ:

ಆರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಡಮ್ಮಿ ಗುಂಡಿನ ಪರೀಕ್ಷೆ ಮಾಡಿದೆ. ಮೇಡಂ ಹೇಳಿದ್ದು ಅಕ್ಷರಶಃ ನಿಜ. ಮೊದಲ "ಟಕ್" ಬಂದಾಗ ಮುಂದಿನ ಸೈಟ್ ಹಾಳೆಯ ಕೆಳಗಿನ ಅಂಚಿಗಿಂತಲೂ ಕೆಳಗಿತ್ತು. ಪಕ್ಕದಲ್ಲಿದ್ದ ಗೆಳೆಯ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದ. ಎರಡು ವರ್ಷ ಕಾಲು ಎಲ್ಲಿಡಬೇಕು ಅಂತ ಯೋಚಿಸಿದ್ದೆನಲ್ಲ ಅಂತ ಬೇಸರವಾಯಿತು.

ದಿನಾ ಹತ್ತು ನಿಮಿಷ ಖಾಲಿ ತೋಟೆ ನಿಲ್ಲಿಸಿ ಅಭ್ಯಾಸ. ಮೌನಿ ಅವರ ಕ್ರಮ ಒಂದೂ ತಪ್ಪಿಸಿಲ್ಲ, ಕೊನೆಗೆ "ಮುಗಿಯಿತು" ಅಂತ ಗಟ್ಟಿಯಾಗಿ ಹೇಳುವುದೂ ಸೇರಿ. ಈಗ ಹತ್ತಕ್ಕೆ ಒಂದೆರಡು ಸಲ ಮಾತ್ರ ಬೀಳುತ್ತದೆ. ಭಂಗಿ ಐಸಾಸಲೀಸ್ ಅಂತ ಇಟ್ಟುಕೊಂಡೆ, ಆದರೆ ಎಡಗಾಲು ಈಗಲೂ ಸ್ವಲ್ಪ ಮುಂದೆ ಹೋಗುತ್ತದೆ. ಬಿಟ್ಟುಬಿಟ್ಟಿದ್ದೇನೆ.

ತಯಾರಿ ಇಲ್ಲದ ಮೊದಲ ಐದು ಗುಂಡುಗಳ ಲೆಕ್ಕ, 7 ಮೀಟರ್, ಎ4 ಹಾಳೆ: ಮೊದಲ ವಾರ ಎರಡು ಒಳಗೆ. ಆಮೇಲೆ ಎರಡು, ಮೂರು, ಎರಡು, ನಾಲ್ಕು. ಈ ವಾರ ನಾಲ್ಕು. ಹೊರಗೆ ಹೋದದ್ದು ಈಗಲೂ ಕೆಳಗೆ, ಎಡಕ್ಕೇ ಹೋಗಿದೆ. ಎಡಗೈಯಲ್ಲಿ ಐದಕ್ಕೆ ಒಂದು, ಅಲ್ಲಿ ಇನ್ನೂ ಬಹಳ ಕೆಲಸ ಇದೆ.

ಮುಂದಿನ ತಿಂಗಳು ಎದುರುಬದುರು ಅಭ್ಯಾಸದ ಎರಡು ದಿನದ ತರಬೇತಿಗೆ ಹೆಸರು ಕೊಟ್ಟಿದ್ದೇನೆ. ಕಪ್ಪುಚುಕ್ಕಿ ಮೇಡಂ, ಹೋಗುವ ಮೊದಲು ಒಂದು ಕೇಳಬೇಕಿತ್ತು. ಕತ್ತಲಲ್ಲಿ ಟಾರ್ಚ್ ಎಡಗೈಯಲ್ಲಿದ್ದಾಗ ಎರಡು ಕೈ ಹಿಡಿತ ಬಿಟ್ಟುಹೋಗುತ್ತದಲ್ಲ, ಆಗ ನೀವು ಏನು ಕಲಿಸುತ್ತೀರಿ?

ಕಪ್ಪುಚುಕ್ಕಿ:

ಟಾರ್ಚನ್ನು ಎಡಗಿವಿಯ ಕೆಳಗೆ, ದವಡೆಗೆ ತಾಗಿಸಿ ಹಿಡಿಯಿರಿ. ತಲೆ ತಿರುಗಿದ ಕಡೆ ಬೆಳಕು ಹೋಗುತ್ತದೆ, ಸೈಟ್ ಮೇಲೂ ಸ್ವಲ್ಪ ಬೆಳಕು ಬೀಳುತ್ತದೆ. ಬಲಗೈ ಒಂದರಲ್ಲೇ ಹಾರಿಸಬೇಕಾಗುತ್ತದೆ. ಮುಂಗೈ ಸರ್ ಒಂದು ಕೈಯ ಅಭ್ಯಾಸ ಹೇಳಿದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ಮೊದಲ ತಿಂಗಳು ಟಾರ್ಚ್ ಮಾತ್ರ ಹಿಡಿದು ಮನೆಯೊಳಗೆ ಓಡಾಡಿ, ಪಿಸ್ತೂಲು ಬೇಡ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕೈ ನೋಡುವುದು ರೂಢಿಯಾಗಲಿ.